ಒಲೆಯ ತಳದ ತುಕ್ಕು ಸ್ಕ್ರೂ: ತಲೆ ಸವೆದರೆ ಏನು ಮಾಡಬೇಕು?

ಪ್ರಶ್ನೆ: ನಮ್ಮದು ಹದಿನೈದು ವರ್ಷದ ಹಳೆಯ ಸ್ಟೀಲ್ ಒಲೆ, ಎರಡು ಬರ್ನರ್. ಒಂದು ಕಡೆ ಉರಿ ಹಳದಿಯಾಗಿ ಪಾತ್ರೆಗೆ ಮಸಿ ಹಿಡಿಯುತ್ತಿದೆ. ಬರ್ನರ್ ಕೆಳಗಿನ ಟ್ಯೂಬ್ ಬಿಚ್ಚಿ ತೊಳೆಯೋಣವೆಂದರೆ ತಳದ ಸ್ಕ್ರೂಗಳು ಅಲ್ಲಾಡುತ್ತಿಲ್ಲ. ಒಂದರ ತಲೆ ಸವೆದು ನುಣ್ಣಗಾಗಿದೆ. ಕೊಬ್ಬರಿ ಎಣ್ಣೆ ಬಿಟ್ಟು ಎರಡು ದಿನ ಕಾದರೂ ಪ್ರಯೋಜನವಾಗಲಿಲ್ಲ.
– ಓದುಗರು, ತಿಪಟೂರು

ಉತ್ತರ: ತಿಪಟೂರಿನಲ್ಲಿ ಕೊಬ್ಬರಿ ಎಣ್ಣೆಗೇನೂ ಬರವಿಲ್ಲ, ಆದರೆ ಈ ಕೆಲಸಕ್ಕೆ ಅದು ಬೇಡ. ಥ್ರೆಡ್ ಸಂದಿಗೆ ಇಳಿಯುವಷ್ಟು ತೆಳುವಲ್ಲ. ಸುಮಾರು 24 ಡಿಗ್ರಿಗಿಂತ ತಂಪಾದರೆ ಹೆಪ್ಪುಗಟ್ಟುತ್ತದೆ. ಬೇರೆ ಅಡುಗೆ ಎಣ್ಣೆಗಳಂತೂ ಒಲೆಯ ಬಿಸಿಗೆ ಅಂಟಾಗಿ ಗಟ್ಟಿಯಾಗುತ್ತವೆ. ಹಚ್ಚಿದ್ದನ್ನು ಪಾತ್ರೆ ತೊಳೆಯುವ ಸೋಪು, ಬಿಸಿನೀರಿನಲ್ಲಿ ಉಜ್ಜಿ ತೆಗೆದು ಒಲೆಯನ್ನು ಬಿಸಿಲಲ್ಲಿ ಒಣಗಿಸಿ. ಅದಕ್ಕೂ ಮೊದಲು ರೆಗ್ಯುಲೇಟರ್ ಬಂದ್ ಮಾಡಿ, ಪೈಪ್ ಬಿಚ್ಚಿ, ಒಲೆಯನ್ನು ಅಡುಗೆಮನೆಯಿಂದ ಹೊರಗೆ ತನ್ನಿ.

ಇನ್ನೊಂದು ಮಾತು. ಹಳದಿ ಉರಿಗೆ ಬಹಳ ಸಲ ಸ್ಕ್ರೂ ಬಿಚ್ಚುವ ಅಗತ್ಯವೇ ಇರುವುದಿಲ್ಲ. ಬರ್ನರ್ ಕೈಯಲ್ಲೇ ಎತ್ತಿದರೆ ಬರುತ್ತದೆ. ಟ್ಯೂಬಿನ ಬಾಯಲ್ಲಿ ಗಾಳಿ ಹೋಗುವ ತೂತಿಗೆ ಜಿಡ್ಡು ಅಥವಾ ಜೇಡರ ಬಲೆ ಕಟ್ಟಿಕೊಂಡಿದ್ದರೆ ಗ್ಯಾಸಿಗೆ ಸಾಕಷ್ಟು ಗಾಳಿ ಬೆರೆಯದೆ ಉರಿ ಹಳದಿಯಾಗುತ್ತದೆ. ಹಳೆಯ ಟೂತ್‌ಬ್ರಷ್ಷಿನಲ್ಲಿ ತಿಕ್ಕಿ ನೋಡಿ. ಗ್ಯಾಸ್ ಚಿಮ್ಮುವ ಹಿತ್ತಾಳೆ ಮೂತಿ, ಅಂದರೆ ಜೆಟ್ಟಿನ ತೂತಿಗೆ ಮಾತ್ರ ಸೂಜಿ ಹಾಕಬೇಡಿ. ಹಿತ್ತಾಳೆ ಮೆತ್ತಗಿರುತ್ತದೆ, ತೂತು ಹಿಗ್ಗಿದರೆ ಗ್ಯಾಸ್ ಹೆಚ್ಚಾಗಿ ಮಸಿಯೂ ಹೆಚ್ಚುತ್ತದೆ.

ಆಗಲೂ ಸರಿಹೋಗದಿದ್ದರೆ ಸ್ಕ್ರೂಗೆ ಬನ್ನಿ. ಉಕ್ಕಿದ ಗಂಜಿ, ಉಪ್ಪು ಹುಳಿ ಎರಡೂ ಇರುವ ಸಾರು ತಳಕ್ಕೆ ಇಳಿದು ಕಬ್ಬಿಣದ ಸ್ಕ್ರೂ ತಿನ್ನುತ್ತವೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಥ್ರೆಡ್ ಒಳಗೇ ಬೆಣೆಯ ಹಾಗೆ ಬಿಗಿಯುತ್ತದೆ. ಬಲ ಹಾಕಿದರೆ ಬೆಣೆ ಸಡಿಲುವ ಮುಂಚೆ ತಲೆ ಸವೆಯುತ್ತದೆ. ನಿಮಗೆ ಆದದ್ದೂ ಅದೇ.

ತಲೆ ಉಳಿದಿರುವ ಸ್ಕ್ರೂಗಳ ಗೀರಿನಲ್ಲಿ ಕೂತ ಕೊಳೆ, ಬೋರ್ ನೀರಿನ ಬಿಳಿ ಪೊರೆಯನ್ನು ಮೊಳೆಯ ತುದಿಯಿಂದ ಕೆರೆದು ತೆಗೆಯಿರಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಡಬ್ಲ್ಯೂಡಿ-40 ತರಹದ ತುಕ್ಕು ಬಿಡಿಸುವ ಸ್ಪ್ರೇ ಎರಡು ಮೂರು ಹನಿ ಸಾಕು. ಬಿಟ್ಟು, ಸ್ಕ್ರೂ ಡ್ರೈವರನ್ನು ತಲೆಗೆ ನೆಟ್ಟಗಿಟ್ಟು ಹಿಡಿಯ ಮೇಲೆ ಸಣ್ಣ ಸುತ್ತಿಗೆಯಿಂದ ಹತ್ತು ಹದಿನೈದು ಸಲ ತಟ್ಟಿ. ಆ ಅದುರಿಗೆ ತುಕ್ಕು ಬಿರುಕು ಬಿಟ್ಟು ಎಣ್ಣೆ ಒಳಗಿಳಿಯುತ್ತದೆ. ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಮತ್ತೆ ತಟ್ಟಿ. ಗಾಜಿನ ಒಲೆಗೆ ಈ ಸುತ್ತಿಗೆ ಕೆಲಸ ಸಲ್ಲದು.

ತಿರುಗಿಸುವಾಗ ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು, ಆಮೇಲೆ ಬಿಚ್ಚುವ ಕಡೆಗೆ. ಕಿರ್ ಎಂದು ಸದ್ದಾದರೆ ಗೆದ್ದಿರಿ. ಒಂದೇ ಸಮ ಬಿಚ್ಚದೆ, ಕಾಲು ಸುತ್ತು ಹಿಂದೆ ಮುಂದೆ ಆಡಿಸುತ್ತಾ ಹೊರಗೆ ತನ್ನಿ. ಡ್ರೈವರ್ ಗೀರಿನಿಂದ ಒಮ್ಮೆ ಜಾರಿದರೂ ನಿಲ್ಲಿಸಿ. ಸ್ಟಾರ್ ತಲೆಗೆ ಸಾಮಾನ್ಯವಾಗಿ 2ನೇ ನಂಬರ್ ಡ್ರೈವರ್ ಬೇಕು. ಮನೆಯ ಟೆಸ್ಟರಿನಿಂದ ಪ್ರಯತ್ನಿಸಿಯೇ ಅರ್ಧ ಸ್ಕ್ರೂಗಳು ಹಾಳಾಗುವುದು.

ನುಣ್ಣಗಾದ ಸ್ಕ್ರೂವಿನ ತಲೆ ಮೇಲೆದ್ದಿದ್ದರೆ ಹ್ಯಾಕ್ಸಾ ಬ್ಲೇಡಿನಲ್ಲಿ ಅಡ್ಡ ಗೀರು ಕೊಯ್ದು ಚಪ್ಪಟೆ ಡ್ರೈವರ್ ಹಾಕಿ. ಅಥವಾ ತಲೆಯ ಅಂಚನ್ನು ವೈಸ್ ಗ್ರಿಪ್ಪಿನಲ್ಲಿ (ಕಚ್ಚಿದ ಮೇಲೆ ಲಾಕ್ ಆಗುವ ಇಕ್ಕಳ) ಕಚ್ಚಿಸಿ ತಿರುಗಿಸಿ. ಎರಡಕ್ಕೂ ಬಗ್ಗದಿದ್ದರೆ ತಲೆಯನ್ನೇ ಡ್ರಿಲ್ ಮಾಡಿ ಹಾರಿಸುವುದು ಲೇಸು. 4 ಮಿ.ಮೀ. ಸ್ಕ್ರೂಗೆ ನಡುವೆ ಪಂಚಿನಿಂದ ಗುರುತು ಹೊಡೆದು, 4.5 ಮಿ.ಮೀ. ಬಿಟ್‌ನಿಂದ ನಿಧಾನ ವೇಗದಲ್ಲಿ ತಲೆಯ ದಪ್ಪದಷ್ಟೇ ಕೊರೆಯಿರಿ. ತಲೆ ಬಳೆಯ ಹಾಗೆ ಬಿಟ್‌ಗೆ ಸುತ್ತಿಕೊಂಡು ಬರುತ್ತದೆ. ತಗಡು ಎತ್ತಿದ ಮೇಲೆ ಉಳಿದ ಮೋಟನ್ನು ವೈಸ್ ಗ್ರಿಪ್ಪಿನಲ್ಲಿ ಹಿಡಿದರೆ ಎಷ್ಟೋ ಸಲ ಸಲೀಸಾಗಿ ತಿರುಗುತ್ತದೆ, ಏಕೆಂದರೆ ತಲೆಯ ಬಿಗಿತ ಹೋಗಿರುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ಟ್ಯೂಬ್ ಎರಕದ್ದಾದ್ದರಿಂದ ದೊಡ್ಡ ಸುತ್ತಿಗೆ ಬೇಡ, ಸೀಳುತ್ತದೆ.

ಇಷ್ಟೆಲ್ಲ ಟ್ಯೂಬಿನ ಸ್ಕ್ರೂಗಳಿಗೆ ಮಾತ್ರ. ನಾಬ್ ಹಿಂದಿನ ಹಿತ್ತಾಳೆ ಕಾಕ್‌ನ ಸ್ಕ್ರೂಗಳು ಗ್ಯಾಸನ್ನೇ ತಡೆಯುವ ಭಾಗಕ್ಕೆ ಸೇರಿದವು. ಅಲ್ಲಿಗೆ ಸ್ಪ್ರೇ ಹೊಡೆದರೆ ಒಳಗಿನ ಗ್ರೀಸ್ ಕರಗಿ ಸೋರಿಕೆ ಶುರುವಾಗಬಹುದು. ಅವು ತುಕ್ಕು ಹಿಡಿದಿದ್ದರೆ ಏಜೆನ್ಸಿಯ ಮೆಕ್ಯಾನಿಕ್ ಕೈಯಲ್ಲಿ ಕಾಕ್ ಪೂರ್ತಿ ಬದಲಿಸಿ.

ಜೋಡಿಸುವಾಗ ಹಳೆಯ ಸ್ಕ್ರೂವಿನದೇ ಅಳತೆಯ ಸ್ಟೇನ್‌ಲೆಸ್ ಸ್ಕ್ರೂ ಹಾಕಿ. ಸ್ಪ್ರೇಯ ಜಿಡ್ಡನ್ನು ಸೋಪಿನಿಂದ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಪೈಪ್ ಸಿಕ್ಕಿಸಿ. ನಾಬ್‌ಗಳೆಲ್ಲ ಬಂದ್ ಇರಲಿ, ರೆಗ್ಯುಲೇಟರ್ ತೆರೆದು ಪೈಪಿನ ಎರಡೂ ತುದಿಗೆ, ಕಾಕ್ ಸುತ್ತ ಸೋಪಿನ ನೊರೆ ಹಚ್ಚಿ. ಗುಳ್ಳೆ ಎದ್ದರೆ ಕೂಡಲೇ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು, ಸ್ವಿಚ್ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.