ಸಂಪಾದಕರ ಉತ್ತರ: ಹನ್ನೊಂದು ಜನರ ಲ್ಯಾಬಿನಲ್ಲಿ ಒಬ್ಬಳೇ

ಪ್ರಿಯ ಓದುಗರೇ,

ಹೆಸರು ಹಾಕಬೇಡಿ ಅಂತ ಕೇಳಿಕೊಂಡಿದ್ದೀರಿ, ಹಾಕುವುದಿಲ್ಲ. ನಿಮ್ಮ ನಾಲ್ಕು ಪುಟದ ಪತ್ರವನ್ನು ಎರಡು ಸಲ ಓದಿದೆ. ಉಳಿದ ಓದುಗರಿಗಾಗಿ ಅದರಲ್ಲಿರುವುದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ.

ನೀವು ವಿಶ್ವವಿದ್ಯಾಲಯವೊಂದರ ಜೀವಶಾಸ್ತ್ರ ಲ್ಯಾಬಿನಲ್ಲಿ ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೀರಿ. ಹಣ್ಣುನೊಣಗಳ ಮೇಲೆ ಕೆಲಸ. ಎಂಟು ತಿಂಗಳಿಂದ ಒಂದೇ ಕ್ರಾಸ್ (ಬೇಕಾದ ಗಂಡು ಹೆಣ್ಣು ನೊಣಗಳನ್ನು ಕೂಡಿಸಿ ಮರಿ ಪಡೆಯುವ ಪ್ರಯೋಗ) ಕೈಕೊಡುತ್ತಿದೆ. ಲ್ಯಾಬಿನಲ್ಲಿ ಹನ್ನೊಂದು ಜನ, ಎಲ್ಲರ ಕಿವಿಯಲ್ಲೂ ಇಯರ್‌ಫೋನ್. ಸೋಮವಾರ ಲ್ಯಾಬ್ ಮೀಟಿಂಗ್ ಅಂದರೆ ಭಾನುವಾರ ಸಂಜೆಯಿಂದಲೇ ಹೊಟ್ಟೆಯಲ್ಲಿ ಸಂಕಟ. ಈ ನಡುವೆ ನಮ್ಮ ಹೋದ ಸಂಚಿಕೆಯಲ್ಲಿ "ಲ್ಯಾಬ್ ಎಂದರೆ ಸಂಶೋಧಕರ ಎರಡನೇ ಮನೆ" ಎಂಬ ಸಾಲು ನಿಮ್ಮ ಕಣ್ಣಿಗೆ ಬಿದ್ದಿದೆ. "ನನ್ನ ಲ್ಯಾಬ್ ಮನೆಯ ಹಾಗಿಲ್ಲ. ಹಾಗಾದರೆ ತಪ್ಪು ನನ್ನದಾ? ಬಿಟ್ಟುಬಿಡಲಾ?" ಎಂದು ಕೇಳಿದ್ದೀರಿ.

ಆ ಸಾಲು ಬರೆದದ್ದು ನಾನೇ. ಈಗ ಅದನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ.

ಮನೆ ಅಂದ ತಕ್ಷಣ ಲೆಕ್ಕ ಕೇಳಬಾರದು ಅನ್ನುವ ಭಾವ ಬಂದುಬಿಡುತ್ತದೆ. ಎಷ್ಟು ಹೊತ್ತು ಕೆಲಸ, ಪೇಪರಿನಲ್ಲಿ ಯಾರ ಹೆಸರು ಎಲ್ಲಿ, ಈ ವಾರ ಸಾಮಾನುಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಆಟೋಕ್ಲೇವ್ ಹಾಕುವವರು ಯಾರು, ರಜೆ ಯಾವಾಗ? ಲ್ಯಾಬಿನಲ್ಲಿ ಈ ಲೆಕ್ಕಗಳೆಲ್ಲ ಬಾಯಿಬಿಟ್ಟು ಆಗಲೇಬೇಕು. ಅಲ್ಲಿ ಒಬ್ಬರ ಸಹಿ ಇನ್ನೊಬ್ಬರ ಫೆಲೋಶಿಪ್ಪನ್ನೂ ಪದವಿಯನ್ನೂ ನಿರ್ಧರಿಸುತ್ತದೆ. ಸಹಿ ಹಾಕುವ ಕೈ "ನಾವೆಲ್ಲ ಒಂದೇ ಕುಟುಂಬ" ಅಂದರೆ, ಎದುರಿಗೆ ನಿಂತವರಿಗೆ "ಆಗೋದಿಲ್ಲ ಸಾರ್" ಅನ್ನುವುದು ಇನ್ನೂ ಕಷ್ಟ. ನಿಮ್ಮ ಪತ್ರದ ಮೂರನೇ ಪುಟದಲ್ಲಿ ಇದೇ ಇದೆ, ನೀವು ಹೀಗೆ ಬರೆದಿಲ್ಲ ಅಷ್ಟೇ.

ಲ್ಯಾಬ್ ಅಂದರೆ ಒಂದಷ್ಟು ಸಾಮಾನುಗಳನ್ನು ಹಂಚಿಕೊಂಡು ಬದುಕುವ ಜನ. ಜೀವಕೋಶಗಳನ್ನು ಬೆಚ್ಚಗಿಟ್ಟು ಬೆಳೆಸುವ ಒಂದು ಇನ್‌ಕ್ಯುಬೇಟರ್, ಒಂದು ಮೈಕ್ರೋಸ್ಕೋಪ್, ಮೈನಸ್ 80 ಡಿಗ್ರಿಯ ಒಂದು ಫ್ರೀಜರ್. ಒಬ್ಬರು ಬಾಗಿಲು ಸರಿಯಾಗಿ ಹಾಕದಿದ್ದರೆ ಇನ್ನೊಬ್ಬರ ಮೂರು ವರ್ಷ ಕರಗಿ ಹೋಗುತ್ತದೆ. ಒಳ್ಳೆಯ ಲ್ಯಾಬುಗಳಲ್ಲಿ ಜನರ ನಡುವಿನ ಬಳಕೆ ಈ ಹಂಚಿಕೆಯಿಂದಲೇ ಹುಟ್ಟಿದ್ದನ್ನು ನಾನು ನೋಡಿದ್ದೇನೆ. ಪ್ರೀತಿ ವಿಶ್ವಾಸ ಆಮೇಲೆ ಬರುತ್ತದೆ. ಬರದೆಯೂ ಇರಬಹುದು.

ಒಂದು ಘಟನೆ ಹೇಳುತ್ತೇನೆ. ಎಂ.ಎಸ್ಸಿ. ಮಾಡುವಾಗ ಆರು ತಿಂಗಳು ನಾನು ಒಂದು ಲ್ಯಾಬಿನಲ್ಲಿ ಪ್ರಾಣಿಗಳ ಜೀವಕೋಶ ಬೆಳೆಸುವ ಕೆಲಸದಲ್ಲಿದ್ದೆ. ಒಂದು ಬೆಳಿಗ್ಗೆ ನನ್ನ ಫ್ಲಾಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಜೀವಕೋಶಗಳಿಗೆ ಆಹಾರವಾಗುವ ಗುಲಾಬಿ ಬಣ್ಣದ ದ್ರವದಲ್ಲಿ, ಅಂದರೆ ಮೀಡಿಯಂನಲ್ಲಿ, ಹತ್ತಿಯ ಉಂಡೆಯಂಥದ್ದು ತೇಲುತ್ತಿತ್ತು. ಸಾಸಿವೆ ಕಾಳಿನಷ್ಟು. ಬೂಷ್ಟು. ಏಳು ವಾರದ ಕೆಲಸ ಹೋಯಿತು. ಬ್ಲೀಚ್ ಸುರಿದೆ, ಸಿಂಕಿಗೆ ಚೆಲ್ಲಿದೆ, ಫ್ಲಾಸ್ಕನ್ನು ಕಸದ ಚೀಲದ ತಳಕ್ಕೆ ತುರುಕಿದೆ. ಯಾರಿಗೂ ಹೇಳಲಿಲ್ಲ. ಕೈ ಸರಿಯಿಲ್ಲ ಅನ್ನಿಸಿಕೊಳ್ಳುವ ಭಯ.

ನಾಲ್ಕು ದಿನ ಕಳೆದವು. ಅದೇ ಇನ್‌ಕ್ಯುಬೇಟರಿನಲ್ಲಿದ್ದ ಇನ್ನಿಬ್ಬರ ಫ್ಲಾಸ್ಕುಗಳಲ್ಲೂ ಅದೇ ಹತ್ತಿ. ಒಬ್ಬರು ಥೀಸಿಸ್‌ನ ಕೊನೆಯ ಪ್ರಯೋಗದಲ್ಲಿದ್ದ ಸೀನಿಯರ್. ಇಪ್ಪತ್ತು ವರ್ಷದಿಂದ ಆ ಲ್ಯಾಬಿನಲ್ಲಿದ್ದ ಸಹಾಯಕರು ಬಂದು ಇನ್‌ಕ್ಯುಬೇಟರಿನ ತಳದ ನೀರಿನ ತಟ್ಟೆಯನ್ನು ಹೊರಗೆಳೆದರು. ಒಳಗಿನ ತೇವ ಆರದಿರಲಿ ಅಂತ ಇಟ್ಟ ನೀರು ಅದು. ಬೆರಳಿನಿಂದ ಅಂಚು ಸವರಿದರು. ಲೋಳೆ. "ಮೊದಲು ಯಾರದ್ದರಲ್ಲಿ ಕಂಡಿತು?" ಅಂತ ಕೇಳಿದರು. ನಾನು ಬಾಯಿಬಿಟ್ಟೆ.

ಆ ಸೀನಿಯರ್ ನನ್ನನ್ನು ಬೈಯಲಿಲ್ಲ. ಕಪಾಟಿನ ಮೇಲಿನ ಹಳೆಯ ನೋಟ್‌ಬುಕ್ಕುಗಳನ್ನು ಇಳಿಸಿ, ಎರಡು ವರ್ಷದ ಹಿಂದೆ ಬಿಟ್ಟುಹೋದ ಒಬ್ಬರದ್ದನ್ನು ತೆರೆದರು. ಹತ್ತು ನಿಮಿಷ ಹುಡುಕಿ ಒಂದು ಪುಟ ತೋರಿಸಿದರು: "ಮೂರು ಫ್ಲಾಸ್ಕ್ ಬೂಷ್ಟು. ನೀರಿನ ತಟ್ಟೆ ವಾರಕ್ಕೊಮ್ಮೆ ತೊಳೆಯಬೇಕು." ಅವರು ಇರುವವರೆಗೆ ತೊಳೆದಿದ್ದರು. ಅವರ ಜೊತೆಗೆ ಆ ಅಭ್ಯಾಸವೂ ಹೊರಟುಹೋಗಿತ್ತು.

ನನಗೆ ಇವತ್ತಿಗೂ ಕಾಡುವುದು ಆ ನಾಲ್ಕು ದಿನ. ನಾನು ಮೊದಲ ದಿನವೇ ಹೇಳಿದ್ದರೆ ಆ ಇಬ್ಬರದ್ದು ಉಳಿಯುತ್ತಿತ್ತೇನೋ. ಆದರೆ ಹೇಳುವ ಜಾಗ ಆ ಲ್ಯಾಬಿನಲ್ಲಿ ಎಲ್ಲಿತ್ತು? ಮೀಟಿಂಗಿನಲ್ಲಿ ಬರೀ ಗೆದ್ದ ಚಿತ್ರಗಳನ್ನೇ ತೋರಿಸುತ್ತಿದ್ದೆವು. ಆಮೇಲೆ ಇನ್‌ಕ್ಯುಬೇಟರಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದರು. ಮೂರು ಕಾಲಂ: ತಾರೀಕು, ತೊಳೆದವರು, ಏನು ಕಂಡಿತು. ಆ ಮೂರನೇ ಕಾಲಂ ಬಂದ ಮೇಲೆ ನಾವು ಮಾತಾಡತೊಡಗಿದೆವು.

ನೀವು ನೊಣದವರು, ಹಾಗಾಗಿ ನಿಮ್ಮ ಹಿರಿಯರ ಕೋಣೆಯ ವಿಷಯ ಹೇಳಲೇಬೇಕು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ತಳಿವಿಜ್ಞಾನಿ ಥಾಮಸ್ ಹಂಟ್ ಮಾರ್ಗನ್ ಅವರ ನೊಣದ ಕೋಣೆ ಸುಮಾರು 16 ಅಡಿ ಅಗಲ, 23 ಅಡಿ ಉದ್ದ. ಅದರಲ್ಲಿ ಎಂಟು ಮೇಜು, ಹಾಲಿನ ಬಾಟಲಿಗಳ ತುಂಬ ನೊಣ. ಬಿಳಿ ಕಣ್ಣಿನ ಆ ಹೆಸರಾದ ನೊಣ 1910ರಲ್ಲಿ ಸಿಕ್ಕಿದ್ದು ಮಾರ್ಗನ್ ಅವರಿಗೆ. ಕ್ಯಾಲ್ವಿನ್ ಬ್ರಿಜಸ್ ಅಲ್ಲಿಗೆ ಸೇರಿದ್ದು ಬಾಟಲಿ ತೊಳೆಯುವ ಕೆಲಸಕ್ಕೆ. ತೊಳೆಯಬೇಕಿದ್ದ ಬಾಟಲಿಯ ದಪ್ಪ ಗಾಜಿನಾಚೆ ಕಣ್ಣಿನ ಬಣ್ಣ ಬೇರೆಯಾಗಿದ್ದ ಒಂದು ನೊಣವನ್ನು ಬರಿಗಣ್ಣಿನಲ್ಲೇ ಗುರುತಿಸಿದರು. ಮುಂದೆ, ವಂಶವಾಹಿಗಳು ಕ್ರೋಮೋಸೋಮಿನ ಮೇಲೆಯೇ ಇವೆ ಎಂಬುದಕ್ಕೆ 1916ರಲ್ಲಿ ಗಟ್ಟಿ ಪುರಾವೆ ಕೊಟ್ಟವರೂ ಅವರೇ. ಆಲ್ಫ್ರೆಡ್ ಸ್ಟರ್ಟೆವಂಟ್ ಇನ್ನೂ ಪದವಿ ವಿದ್ಯಾರ್ಥಿ. 1911ರಲ್ಲಿ ಒಂದು ರಾತ್ರಿ ಕಾಲೇಜಿನ ಪಾಠ ಬದಿಗಿಟ್ಟು, ಕೋಣೆಯಲ್ಲಿ ಕೂಡಿಬಿದ್ದಿದ್ದ ಅಂಕಿಗಳನ್ನು ಮನೆಗೆ ಒಯ್ದು ಮೊದಲ ವಂಶವಾಹಿ ನಕ್ಷೆ ಬರೆದರು. ಅದು ಅಚ್ಚಾದದ್ದು 1913ರಲ್ಲಿ. ಗಮನಿಸಿ, ಅವರಿಗೆ ಆ ಅಂಕಿಗಳು ಸಿಕ್ಕವು. ಯಾರೂ ಬೀಗ ಹಾಕಿ ಇಟ್ಟಿರಲಿಲ್ಲ. ಒಬ್ಬರ ಮೇಜಿನ ಮೇಲೆ ಏನು ನಡೆದಿದೆ ಅಂತ ಇನ್ನೊಬ್ಬರಿಗೆ ಗೊತ್ತಿರುತ್ತಿತ್ತು.

ಆದರೆ ಅದೂ ನಂದನವನ ಆಗಿರಲಿಲ್ಲ. ಅದೇ ಕೋಣೆಯ ಹರ್ಮನ್ ಮುಲ್ಲರ್, ತಮ್ಮ ಆಲೋಚನೆಗಳಿಗೆ ಸಲ್ಲಬೇಕಾದ ಹೆಸರು ಸಲ್ಲಲಿಲ್ಲ ಅಂತ ನೊಂದುಕೊಂಡರು. ಎಲ್ಲರೂ ಎಲ್ಲವನ್ನೂ ಮಾತಾಡುವ ಕಡೆ, ಯಾವ ಮಾತು ಯಾರದ್ದು ಅಂತ ಬರೆದಿಡುವವರೂ ಬೇಕು. ಮಾರ್ಗನ್ 1933ರಲ್ಲಿ ನೊಬೆಲ್ ಬಂದಾಗ ಹಣವನ್ನು ತಮ್ಮ ಮಕ್ಕಳ ಜೊತೆಗೆ ಬ್ರಿಜಸ್ ಮತ್ತು ಸ್ಟರ್ಟೆವಂಟ್ ಅವರ ಮಕ್ಕಳಿಗೂ ಹಂಚಿದರು. ಮಾರ್ಗನ್ ಅವರ ಬಗ್ಗೆ ನನಗೆ ಗೌರವ ಜಾಸ್ತಿಯಾದದ್ದು ಈ ವಿಷಯ ಓದಿದ ಮೇಲೆ.

ಈಗ ನಿಮ್ಮ ಭಾನುವಾರದ ವಿಷಯ. "ಭಾನುವಾರವೂ ನೊಣಗಳಿಗಾಗಿ ಎರಡು ಸಲ ಬರುತ್ತೇನೆ, ಯಾರೂ ಯಾಕೆ ಅಂತ ಕೇಳುವುದಿಲ್ಲ" ಎಂದು ಬರೆದಿದ್ದೀರಿ. ಜೀವ ಇರುವುದರ ಜೊತೆ ಕೆಲಸ ಮಾಡುವವರ ಪಾಡು ಇದು. ಹೆಣ್ಣು ನೊಣ ಪ್ಯೂಪಾದ ಪೊರೆಯಿಂದ ಹೊರಬಂದ ಮೇಲೆ ಅದನ್ನು 25 ಡಿಗ್ರಿಯಲ್ಲಿ ಸುಮಾರು 8 ಗಂಟೆಯೊಳಗೆ ಹಿಡಿದು ಬೇರೆ ಇಡದಿದ್ದರೆ, ಅದು ಯಾವುದೋ ಗಂಡಿನ ಜೊತೆ ಕೂಡಿಬಿಟ್ಟಿರುತ್ತದೆ, ಕ್ರಾಸ್ ಕೆಟ್ಟಿತು. ರಾತ್ರಿ ವಯಲುಗಳನ್ನು, ಅಂದರೆ ನೊಣ ಇಟ್ಟ ಪುಟ್ಟ ಸೀಸೆಗಳನ್ನು, 18 ಡಿಗ್ರಿಯಲ್ಲಿಟ್ಟರೆ ಆ ಅವಧಿ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ, ನಿದ್ದೆ ಸಿಗುತ್ತದೆ. ಇದು ನಿಮಗೆ ಗೊತ್ತೇ ಇರುತ್ತದೆ. ನಿಮಗೆ ಯಾರು ಹೇಳಿಕೊಟ್ಟರು, ನೆನಪಿದೆಯಾ? ಇಂಥ ಉಪಾಯಗಳು ಲ್ಯಾಬಿನಲ್ಲಿ ಜಾಸ್ತಿ ಬಾಯಿಂದ ಬಾಯಿಗೇ ಹೋಗುತ್ತವೆ. ಕಿವಿಯಲ್ಲಿ ಇಯರ್‌ಫೋನ್ ಇದ್ದರೆ ಹೇಗೆ ಹೋಗಬೇಕು?

ಇಯರ್‌ಫೋನ್ ಹಾಕಿಕೊಂಡವರನ್ನು ನಾನು ದೂರುತ್ತಿಲ್ಲ. ಮುನ್ನೂರು ವಯಲ್ ಬದಲಾಯಿಸುವಾಗ ಏನಾದರೂ ಕೇಳುತ್ತಿರಬೇಕು ಅನ್ನಿಸುವುದು ಸಹಜ. ಆದರೆ ಹನ್ನೊಂದು ಜನರಲ್ಲಿ ಕನಿಷ್ಠ ಇನ್ನಿಬ್ಬರಾದರೂ ಭಾನುವಾರ ಬರುತ್ತಾರೆ ಅಲ್ವಾ? ಅವರಲ್ಲಿ ಒಬ್ಬರ ಹತ್ತಿರ ಹೋಗಿ ಕೇಳಿ: "ಈ ಭಾನುವಾರ ನಿಮ್ಮದನ್ನೂ ನಾನೇ ನೋಡಿಕೊಳ್ಳುತ್ತೇನೆ, ಮುಂದಿನ ಭಾನುವಾರ ನನ್ನದನ್ನು ನೀವು ನೋಡಿಕೊಳ್ಳುತ್ತೀರಾ?" ಇದು ಗೆಳೆತನದ ಕೋರಿಕೆ ಅಲ್ಲ, ಕೊಡುಕೊಳ್ಳುವ ಮಾತು. ಅದಕ್ಕೇ ಕೇಳುವುದು ಸುಲಭ. ಒಬ್ಬರ ವಯಲುಗಳನ್ನು ಒಂದು ದಿನ ಕೈಗೆತ್ತಿಕೊಂಡರೆ ಅವರ ಲೇಬಲ್ಲುಗಳನ್ನು ಓದಬೇಕಾಗುತ್ತದೆ. ಲೇಬಲ್ ಓದಿದರೆ ಪ್ರಶ್ನೆ ಹುಟ್ಟುತ್ತದೆ.

ಇನ್ನು ಆ ಕ್ರಾಸ್. ಎಂಟು ತಿಂಗಳು ಒಬ್ಬರೇ ಮಾಡಿ ಒಬ್ಬರೇ ನೋಡಿದ್ದೀರಿ. ಇನ್ನೊಬ್ಬರ ಕೈಯಲ್ಲಿ ಅದೇ ವಯಲುಗಳಿಂದ ಅದೇ ಕ್ರಾಸ್ ಒಂದು ಸಲ ಮಾಡಿಸಿ. ಅವರಿಗೆ ಬಂದರೆ ನಿಮ್ಮ ಕೈಯ ಕ್ರಮದಲ್ಲಿ ಎಲ್ಲೋ ವ್ಯತ್ಯಾಸ ಇದೆ, ಪಕ್ಕದಲ್ಲಿ ನಿಂತು ನೋಡಿದರೆ ಸಿಗುತ್ತದೆ. ಅವರಿಗೂ ಬರದಿದ್ದರೆ ಸ್ಟಾಕನ್ನೇ, ಅಂದರೆ ಲ್ಯಾಬಿನಲ್ಲಿ ಕಾಪಾಡಿಕೊಂಡು ಬಂದ ನೊಣದ ತಳಿಯನ್ನೇ, ಅನುಮಾನಿಸಿ. ಲೇಬಲ್ಲಿನ ಮೇಲೆ ಬರೆದದ್ದೇ ಒಳಗಿದೆ ಅಂತ ಏನೂ ಇಲ್ಲ. 1966ರಲ್ಲಿ ತಳಿವಿಜ್ಞಾನಿ ಸ್ಟ್ಯಾನ್ಲಿ ಗಾರ್ಟ್ಲರ್ ಪರೀಕ್ಷೆ ಮಾಡಿ ನೋಡಿದಾಗ, ಬೇರೆ ಬೇರೆ ಹೆಸರಿನಲ್ಲಿ ಬೆಳೆಸುತ್ತಿದ್ದ 18 ಜೀವಕೋಶ ಸಾಲುಗಳು ನಿಜಕ್ಕೂ ಹೀಲಾ ಕೋಶಗಳು, ಅಂದರೆ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಒಬ್ಬ ರೋಗಿಯ ಕ್ಯಾನ್ಸರ್ ಗಡ್ಡೆಯಿಂದ ಬಂದವು, ಅಂತ ಕಂಡಿತು. ಅವನ್ನು ಬೆಳೆಸುತ್ತಿದ್ದವರೆಲ್ಲ ತಿಳಿದವರೇ. ಎಂಟು ತಿಂಗಳು ನಿಮ್ಮನ್ನೇ ಅನುಮಾನಿಸಿದ್ದೀರಿ, ಒಂದು ವಾರ ವಯಲನ್ನೂ ಅನುಮಾನಿಸಿ ನೋಡಿ.

ಮತ್ತೆ, ನಿಮ್ಮ ಪತ್ರದಲ್ಲಿ ಒಂದೇ ಒಂದು ಸಾಲಿನಲ್ಲಿ ಬಂದುಹೋಗುವ ಒಬ್ಬರಿದ್ದಾರೆ: "ಮೀಡಿಯಾ ಮಾಡುವ ಅಕ್ಕ," ಅಂದರೆ ನೊಣಗಳ ಆಹಾರ ತಯಾರಿಸುವವರು. ಅವರನ್ನು ಕೇಳಿದ್ದೀರಾ? ವಿದ್ಯಾರ್ಥಿಗಳು ಐದಾರು ವರ್ಷಕ್ಕೆ ಹೊರಡುತ್ತಾರೆ, ಪಿಎಚ್‌ಡಿ ಮುಗಿಸಿ ಬಂದ ಪೋಸ್ಟ್‌ಡಾಕ್‌ಗಳು ಇನ್ನೂ ಬೇಗ. ನೊಣದ ಆಹಾರ ಕುದಿಸುವ, ಗಾಜು ತೊಳೆಯುವ, ಸ್ಟಾಕ್ ಕಾಯುವ ಜನ ಉಳಿಯುತ್ತಾರೆ. ಯಾವ ಸ್ಟಾಕ್ ಯಾವಾಗ ಎಲ್ಲಿಂದ ಬಂತು, ಯಾವುದು ಒಂದು ಸಲ ಬೆರಕೆಯಾಗಿತ್ತು ಅನ್ನುವುದು ಅವರ ನೆನಪಿನಲ್ಲಿರುತ್ತದೆ. ಇಂಗ್ಲೆಂಡಿನ ಕೇಂಬ್ರಿಜ್‌ನ ಅಣುಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಅದರ ಮುಖ್ಯಸ್ಥರಾಗಿದ್ದ ಮ್ಯಾಕ್ಸ್ ಪೆರುಟ್ಜ್ ಒಂದು ಕ್ಯಾಂಟೀನಿಗೆ ಬಹಳ ಮಹತ್ವ ಕೊಟ್ಟಿದ್ದರು, ಅದನ್ನು ನಡೆಸಿದವರು ಅವರ ಪತ್ನಿ ಗಿಸೆಲಾ. ನೊಬೆಲ್ ಪಡೆದವರೂ ಹೊಸ ವಿದ್ಯಾರ್ಥಿಯೂ ತಂತ್ರಜ್ಞರೂ ಅಲ್ಲಿ ಒಟ್ಟಿಗೆ ಕೂರಲಿ ಅನ್ನುವುದು ಉದ್ದೇಶ. ನಿಮ್ಮ ಲ್ಯಾಬಿನಲ್ಲಿ ಕ್ಯಾಂಟೀನ್ ಇಲ್ಲದಿರಬಹುದು. ಆಹಾರ ಕುದಿಸುವ ಒಲೆ ಇದೆಯಲ್ಲ, ಅದರ ಪಕ್ಕ ಒಂದು ಅರ್ಧ ಗಂಟೆ ನಿಲ್ಲಿ.

ಲ್ಯಾಬ್ ಮೀಟಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಂದಿನ ಸರದಿಯಲ್ಲಿ ಮೊದಲ ಸ್ಲೈಡಿನಲ್ಲೇ ಕೆಟ್ಟ ಕ್ರಾಸಿನ ಅಂಕಿಗಳನ್ನು ಹಾಕಿ. ಕ್ಷಮೆ ಕೇಳುವ ಮಾತು ಬೇಡ. "ಇದು ಹೀಗಾಗಿದೆ, ಈ ಎರಡು ಕಾರಣ ನನ್ನ ಅನುಮಾನ, ಮೂರನೆಯದು ನಿಮಗೆ ಹೊಳೆಯುತ್ತದಾ?" ಅಷ್ಟು ಸಾಕು.

ಬಿಟ್ಟುಬಿಡಲಾ ಅನ್ನುವ ಪ್ರಶ್ನೆಗೆ ಸುಮ್ನೆ ಹಾರಿಕೆಯ ಉತ್ತರ ಕೊಡಲಾರೆ. ಪ್ರಯೋಗ ಕೈಕೊಟ್ಟಿದ್ದಕ್ಕೆ ಬಿಡಬೇಡಿ. ಮೌನಕ್ಕೂ ಈಗಲೇ ಬಿಡಬೇಡಿ, ಅದನ್ನು ಒಡೆಯಲು ನೋಡಬಹುದು. ಆದರೆ ಹತ್ತು ಜನರೆದುರು ಕೀಳಾಗಿ ಮಾತಾಡುವುದು, ಹುಷಾರಿಲ್ಲದಾಗಲೂ ಕರೆಸುವುದು, ನಿಮ್ಮ ಕೆಲಸಕ್ಕೆ ಬೇರೆಯವರ ಹೆಸರು ಹಾಕುವುದು, ಇಂಥದ್ದು ನಡೆದಿದ್ದರೆ ಲೆಕ್ಕ ಬೇರೆ. ತಾರೀಕು ಸಮೇತ ಬರೆದಿಡಿ. ನಿಮ್ಮ ಸಂಶೋಧನಾ ಸಮಿತಿಯಲ್ಲಿ ಗೈಡ್ ಅಲ್ಲದ ಒಬ್ಬ ಸದಸ್ಯರನ್ನು ಭೇಟಿಯಾಗಿ ಮಾತಾಡಿ. ಲ್ಯಾಬ್ ಬದಲಿಸಿ ಚೆನ್ನಾಗಿ ಕೆಲಸ ಮಾಡಿದವರನ್ನು ನಾನು ಬಲ್ಲೆ. ಅವರು ಯಾರೂ ಸೋತವರಲ್ಲ. ನಿದ್ದೆ, ಊಟ ಎರಡೂ ಕೆಟ್ಟಿದೆ ಅಂತ ಬರೆದಿದ್ದೀರಲ್ಲ, ಅದಕ್ಕೆ ಈ ವಾರವೇ ವೈದ್ಯರನ್ನು ನೋಡಿ, ಕ್ರಾಸ್ ಕಾಯಲಿ.

ಇನ್ನೊಂದು ಮಾತು ಲ್ಯಾಬ್ ನಡೆಸುವ ಓದುಗರಿಗೆ. ಎರಡನೇ ವರ್ಷದ ಹುಡುಗಿಯೊಬ್ಬಳು ತನ್ನ ಎಂಟು ತಿಂಗಳ ಕಷ್ಟವನ್ನು ಪಕ್ಕದ ಬೆಂಚಿಗೆ ಹೇಳಲಾಗದೆ ಪತ್ರಿಕೆಗೆ ಬರೆದಿದ್ದಾಳೆ. ಮೌನ ಒಡೆಯುವ ಕೆಲಸ ಅವಳೊಬ್ಬಳದ್ದಲ್ಲ, ಮೊದಲು ನಿಮ್ಮದು. ನಿಮ್ಮ ಕೆಟ್ಟುಹೋದ ಪ್ರಯೋಗವೊಂದನ್ನು ಮುಂದಿನ ಮೀಟಿಂಗಿನಲ್ಲಿ ನೀವೇ ಮೊದಲು ಹೇಳಿ.

ಮುಂದಿನ ಸಂಚಿಕೆಯಿಂದ ಮೂರು ತಿಂಗಳು ಈ ಪುಟವನ್ನು ಲ್ಯಾಬ್ ಸಹಾಯಕರು, ತಂತ್ರಜ್ಞರು, ಮೀಡಿಯಾ ಮಾಡುವವರ ಪತ್ರಗಳಿಗೆ ಬಿಟ್ಟಿದ್ದೇವೆ. ಆ ಅಕ್ಕನಿಗೂ ಹೇಳಿ. ನೀವಂತೂ ಇನ್ನೊಂದು ಪತ್ರ ಬರೆಯಲೇಬೇಕು. ಸ್ಟಾಕ್ ಸರಿಯಿತ್ತಾ ಇಲ್ಲವಾ ಅಂತ ನನಗೆ ತಿಳಿಯಬೇಕು.

ವಿಶ್ವಾಸದಿಂದ,
ಸಂಪಾದಕ