ಕಲಿತ ಉತ್ತರ ಒಳಗೆ ಹೋದ ತಕ್ಷಣ ಮರೆತುಹೋಗುತ್ತದೆ

ಪ್ರಶ್ನೆ: ನನಗೆ 31 ವರ್ಷ. ಅಕೌಂಟ್ಸ್ ವಿಭಾಗದಲ್ಲಿ ಐದು ವರ್ಷ ಕೆಲಸ ಮಾಡಿದ್ದೆ. ಅಮ್ಮನ ಕಾಯಿಲೆಯಿಂದಾಗಿ ಕೆಲಸ ಬಿಟ್ಟು ಎರಡು ವರ್ಷ ಮನೆಯಲ್ಲಿದ್ದೆ. ಈಗ ಮತ್ತೆ ಕೆಲಸ ಹುಡುಕುತ್ತಿದ್ದೇನೆ. ಪ್ರತಿ ಸಲವೂ ಇಂಟರ್ನೆಟ್‌ನಲ್ಲಿ ಸಿಕ್ಕ ಪ್ರಶ್ನೆಗಳಿಗೆಲ್ಲ ಉತ್ತರ ಬರೆದು ಬಾಯಿಪಾಠ ಮಾಡಿಕೊಂಡು ಹೋಗುತ್ತೇನೆ. ಇಂಟರ್‌ವ್ಯೂಗೆ ಕೂತ ತಕ್ಷಣ ಎಲ್ಲ ಮರೆತುಹೋಗುತ್ತದೆ. ಮೂರು ಸಲ ಹೀಗೇ ಆಯಿತು. ಎರಡು ವರ್ಷ ಏನು ಮಾಡುತ್ತಿದ್ದಿರಿ ಎಂದು ಕೇಳಿದರಂತೂ ಗಂಟಲು ಕಟ್ಟುತ್ತದೆ. 'ಮನೆಯಿಂದಲೇ ಯಾರದೋ ಲೆಕ್ಕ ನೋಡಿಕೊಳ್ಳುತ್ತಿದ್ದೆ ಅಂತ ಹೇಳಿಬಿಡು' ಎನ್ನುತ್ತಾಳೆ ಅಕ್ಕ. ಇನ್ನು ಹತ್ತು ದಿನಕ್ಕೆ ಮತ್ತೊಂದು ಇಂಟರ್‌ವ್ಯೂ ಇದೆ. ಏನು ಮಾಡಲಿ?

ಉತ್ತರ: ಮೊದಲು ಅಕ್ಕನ ಮಾತಿಗೆ ಬರುತ್ತೇನೆ. ಅವರು ನಿಮ್ಮ ಮೇಲಿನ ಪ್ರೀತಿಯಿಂದಲೇ ಹೇಳಿದ್ದಾರೆ. ಆದರೂ ಆ ಸುಳ್ಳು ಬೇಡ. 'ಯಾರ ಲೆಕ್ಕ? ಯಾವ ಸಾಫ್ಟ್‌ವೇರ್?' ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಮೊದಲೇ ಹೆದರಿರುವ ನೀವು ಅಲ್ಲಿ ಕೂತು ಕಥೆ ಕಟ್ಟಬೇಕಾಗುತ್ತದೆ. ನಿಜ ಹೇಳುವುದು ಇದಕ್ಕಿಂತ ಎಷ್ಟೋ ಸುಲಭ: 'ಅಮ್ಮನಿಗೆ ಹುಷಾರಿರಲಿಲ್ಲ, ನೋಡಿಕೊಳ್ಳಲು ಕೆಲಸ ಬಿಟ್ಟಿದ್ದೆ. ಈಗ ಪೂರ್ತಿ ಸಮಯ ಕೆಲಸ ಮಾಡಲು ಸಿದ್ಧಳಿದ್ದೇನೆ.' ಇಷ್ಟು ಹೇಳಿ ನಿಲ್ಲಿಸಿ. ಏನು ಕಾಯಿಲೆ, ಎಷ್ಟು ಕಷ್ಟ ಆಯಿತು ಎಂಬುದನ್ನೆಲ್ಲ ನೀವು ಅಲ್ಲಿ ಬಿಡಿಸಿ ಹೇಳಬೇಕಿಲ್ಲ. ಈ ಮಾತನ್ನು ಇವತ್ತೇ ಅಕ್ಕನ ಎದುರು ಜೋರಾಗಿ ಹೇಳಿ. ಮೊದಲ ಸಲ ಕಣ್ಣು ತುಂಬಿ ಬಂದರೆ ಬರಲಿ. ಆರೇಳು ಸಲ ಹೇಳುವಷ್ಟರಲ್ಲಿ ಗಂಟಲು ಸಡಿಲವಾಗುತ್ತದೆ.

ಇನ್ನು ಮರೆವಿನ ವಿಷಯ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಒಂದು ಅಧ್ಯಯನ ಪ್ರಕಟಿಸಿದರು. ಒಂದು ಪಾಠವನ್ನು ಕೆಲವು ವಿದ್ಯಾರ್ಥಿಗಳು ಮತ್ತೆ ಮತ್ತೆ ಓದಿದರು. ಉಳಿದವರು ಒಮ್ಮೆ ಓದಿ, ಆಮೇಲೆ ನೋಡದೆ ನೆನಪಿನಿಂದ ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಮತ್ತೆ ಓದಿದವರೇ ಮುಂದಿದ್ದರು. ವಾರದ ನಂತರ ನೋಡಿದರೆ ನೆನಪಿನಿಂದ ಬರೆದವರಿಗೇ ಜಾಸ್ತಿ ನೆನಪಿತ್ತು. ನಿಮಗೂ ಹೀಗೇ ಆಗುತ್ತಿದೆ ಅನಿಸುತ್ತದೆ. ಹಿಂದಿನ ರಾತ್ರಿ ನೋಟ್‌ಬುಕ್ ನೋಡುವಾಗ ಎಲ್ಲ ಗೊತ್ತಿದೆ ಅನಿಸುತ್ತದೆ, ಅಲ್ವಾ? ಆದರೆ ನೋಟ್‌ಬುಕ್ ಮುಚ್ಚಿ, ಬಾಯಿ ಬಿಟ್ಟು ಹೇಳುವ ಅಭ್ಯಾಸ ಆಗಿರುವುದೇ ಇಲ್ಲ.

ಅದಕ್ಕೇ ಆ ಉತ್ತರಗಳನ್ನು ಬದಿಗಿಡಿ. ಅವು ಬೇರೆಯವರ ಮಾತು. ಕೆಲಸದ ಜಾಹೀರಾತನ್ನು ಮುಂದಿಟ್ಟುಕೊಂಡು ಒಂದೊಂದೇ ಸಾಲು ಓದಿ. ಅವರು ಕೇಳಿರುವುದನ್ನು ನೀವು ನಿಜವಾಗಿ ಮಾಡಿದ ಒಂದು ದಿನ ನೆನಪಿಗೆ ಬರುತ್ತದಾ ನೋಡಿ. ತಿಂಗಳ ಕೊನೆಯಲ್ಲಿ ಬ್ಯಾಂಕ್ ಲೆಕ್ಕಕ್ಕೂ ಲೆಡ್ಜರಿಗೂ ತಾಳೆಯಾಗದೆ, ಹುಡುಕುತ್ತಾ ಹೋಗಿ, ಒಂದೇ ಬಿಲ್ಲಿಗೆ ಎರಡು ಸಲ ಹಣ ಹೋದದ್ದನ್ನು ಹಿಡಿದಿರಬಹುದು. ಐದು ವರ್ಷದಲ್ಲಿ ಇಂಥ ಐದಾರು ಘಟನೆಯಾದರೂ ಇದ್ದೇ ಇರುತ್ತವೆ. ಏನು ತೊಡಕಿತ್ತು, ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು, ಇಷ್ಟನ್ನು ಎರಡು ನಿಮಿಷದಲ್ಲಿ ಹೇಳಿ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. 'ನಾವು ಮಾಡಿದೆವು' ಎಂಬ ಮಾತು ಎಷ್ಟು ಸಲ ಬಂತು ಎಣಿಸಿ. ನಮ್ಮಲ್ಲಿ ಅನೇಕರಿಗೆ 'ನಾನು ಮಾಡಿದೆ' ಎನ್ನಲು ಸಂಕೋಚ. ಆದರೆ ನಿಮ್ಮ ಪಾಲು ಯಾವುದು ಎಂದು ನೀವೇ ಹೇಳದಿದ್ದರೆ ಎದುರು ಕೂತವರಿಗೆ ಹೇಗೆ ಗೊತ್ತಾಗಬೇಕು?

ಪದಗಳು ಪ್ರತಿ ಸಲ ಬೇರೆಯಾದರೆ ಆಗಲಿ, ಅದೇ ಒಳ್ಳೆಯದು. ಬಾಯಿಪಾಠದಲ್ಲಿ ಒಂದು ಪದ ತಪ್ಪಿದರೆ ಮುಂದಿನದೆಲ್ಲ ಕೈಕೊಡುತ್ತದೆ. ನೀವೇ ಕಂಡು ಅನುಭವಿಸಿದ್ದು ಹಾಗಲ್ಲ, ಎಲ್ಲಿಂದ ಬೇಕಾದರೂ ಹಿಡಿದುಕೊಳ್ಳಬಹುದು. 'ನಿಮ್ಮ ಬಗ್ಗೆ ಹೇಳಿ' ಎಂದಾಗಲೂ ಇವುಗಳಲ್ಲೇ ಒಂದನ್ನು ಎತ್ತಿಕೊಳ್ಳಿ. ಗೊತ್ತಿಲ್ಲದ್ದು ಕೇಳಿದರೆ ಗೊತ್ತಿಲ್ಲ ಎನ್ನಿ, ಹೇಗೆ ತಿಳಿದುಕೊಳ್ಳುತ್ತೀರಿ ಎಂಬುದನ್ನೂ ಸೇರಿಸಿ. ಪ್ರಶ್ನೆ ಕೇಳಿದ ಮೇಲೆ ನಾಲ್ಕು ಸೆಕೆಂಡ್ ಸುಮ್ನೆ ಯೋಚಿಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಎರಡು ವರ್ಷದಲ್ಲಿ ತೆರಿಗೆ ನಿಯಮಗಳಲ್ಲಿ ಏನಾದರೂ ಬದಲಾಗಿದೆಯಾ ಎಂದು ಒಂದು ದಿನ ಕೂತು ನೋಡಿಕೊಳ್ಳಿ. ಅವರು ಇದನ್ನು ಕೇಳುವ ಸಾಧ್ಯತೆ ಇದೆ. ಕೊನೆಯಲ್ಲಿ ನೀವೂ ಒಂದು ಪ್ರಶ್ನೆ ಕೇಳಿ: 'ಮೊದಲ ಮೂರು ತಿಂಗಳಲ್ಲಿ ನನ್ನಿಂದ ಯಾವ ಕೆಲಸ ಆಗಬೇಕು?' ಅವರ ಉತ್ತರ ಕೇಳಿದರೆ ಆ ಜಾಗ ನಿಮಗೆ ಸರಿಹೋಗುತ್ತದಾ ಎಂಬುದೂ ಗೊತ್ತಾಗುತ್ತದೆ.

ಹೋಗಿ ಬಂದ ಮೇಲೆ ಖಂಡಿತ ಬರೆಯಿರಿ. ಅಮ್ಮ ಹೇಗಿದ್ದಾರೆ ಎಂಬುದನ್ನೂ ತಿಳಿಸಿ.