ಊರು ಬಿಟ್ಟ ಪತ್ರಕರ್ತರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ, ಸ್ವಂತ ದೇಶದಲ್ಲಿ ಇರಲಾಗದೆ ಬೇರೆ ಕಡೆ ಕೂತು ಬರೆಯುವ ಪತ್ರಕರ್ತರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಆರು ಪ್ರಶ್ನೆ ಆರಿಸಿಕೊಂಡಿದ್ದೇನೆ. ಒಬ್ಬರು ಹೆಸರು ಹಾಕಬೇಡಿ ಅಂತ ಕೇಳಿದ್ದರು, ಹಾಗಾಗಿ ಈ ಸಲ ಯಾರ ಹೆಸರೂ ಇಲ್ಲ. ಮೊದಲನೇ ಪತ್ರದಲ್ಲಿ ಬಡಾವಣೆಯ ಹೆಸರನ್ನೂ ತೆಗೆದಿದ್ದೇನೆ. ಯಾಕೆ ಅಂತ ಓದಿದರೆ ತಿಳಿಯುತ್ತದೆ.

ನಮ್ಮ ಮಹಡಿ ಮನೆಯಲ್ಲಿ ಒಂದು ವರ್ಷದಿಂದ ವಿದೇಶದವರೊಬ್ಬರು ಬಾಡಿಗೆಗಿದ್ದಾರೆ. ಅವರ ದೇಶದಲ್ಲಿ ಪತ್ರಿಕೆಯಲ್ಲಿದ್ದರಂತೆ. ಬಾಡಿಗೆ ಸರಿಯಾಗಿ ಕೊಡ್ತಾರೆ, ಗಲಾಟೆ ಇಲ್ಲ. ಆದರೆ ಕೊರಿಯರ್ ನಮ್ಮ ಹೆಸರಿಗೆ ತರಿಸ್ತಾರೆ. ಮೊಮ್ಮಗಳ ನಾಮಕರಣಕ್ಕೆ ಕರೆದಿದ್ದೆವು, ಊಟ ಮಾಡಿದರು, ಫೋಟೋಗೆ ಕರೆದ ಕೂಡಲೇ ಎದ್ದು ಮೇಲೆ ಹೋದರು. ಮಗ ಮನೆ ಖಾಲಿ ಮಾಡಿಸು ಅಂತಿದ್ದಾನೆ. ಏನು ಮಾಡಲಿ?
— ಮನೆ ಮಾಲೀಕರು, ಬೆಂಗಳೂರು

ಸರ್, ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ವಿದೇಶದವರಿಗೆ ಮನೆ ಕೊಟ್ಟವರು 24 ಗಂಟೆಯೊಳಗೆ ಅವರ ವಿವರದ ಫಾರಂ (ಮೊದಲು ಇದಕ್ಕೆ ಸಿ ಫಾರಂ ಅನ್ನುತ್ತಿದ್ದರು) ತುಂಬಿ ವಿದೇಶಿಯರ ನೋಂದಣಿ ಕಚೇರಿಗೆ ಕಳಿಸಬೇಕು. ಆನ್‌ಲೈನಿನಲ್ಲೇ ಆಗುತ್ತದೆ. ಮಾಡಿಲ್ಲ ಅಂದರೆ ಇವತ್ತೇ ಮಾಡಿ, ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ. ಪಾಸ್‌ಪೋರ್ಟ್, ವೀಸಾ ಸರಿಯಿದ್ದರೆ ನಿಮ್ಮ ಕಡೆಯಿಂದ ಆಗಬೇಕಾದ್ದು ಆಯಿತು. ಸರ್ಕಾರಕ್ಕೆ ಗೊತ್ತಿರುವುದು ಬೇರೆ, ಬೀದಿಗೆಲ್ಲ ಗೊತ್ತಾಗುವುದು ಬೇರೆ.

ಇನ್ನು ಫೋಟೋ. ನಾಮಕರಣದ ಫೋಟೋವನ್ನು ಯಾರಾದರೂ ಫೇಸ್‌ಬುಕ್‌ಗೆ ಹಾಕಿಯೇ ಹಾಕುತ್ತಾರೆ, ಅಲ್ವಾ? ಹಿಂದೆ ನಿಮ್ಮ ಗೇಟು ಕಾಣುತ್ತದೆ, ಎದುರಿನ ಬೇಕರಿಯ ಬೋರ್ಡು ಕಾಣುತ್ತದೆ. ಹುಡುಕುತ್ತಿರುವವರಿಗೆ ಅಷ್ಟು ಸಾಕು. ಇದು ಸುಮ್ನೆ ಹೆದರಿಕೆ ಅಂದುಕೊಳ್ಳಬೇಡಿ. ಇರಾನ್ ಬಗ್ಗೆ ಸುದ್ದಿ ಕೊಡುವ ಲಂಡನ್ನಿನ ಇರಾನ್ ಇಂಟರ್‌ನ್ಯಾಷನಲ್ ಚಾನೆಲ್‌ನ ನಿರೂಪಕ ಪೌರಿಯಾ ಜೆರಾಟಿ ಅವರಿಗೆ 2024ರ ಮಾರ್ಚ್‌ನಲ್ಲಿ ಅವರ ಮನೆ ಮುಂದೆಯೇ ಚಾಕು ಹಾಕಿದರು. ಹಾಕಿದವರು ಕೆಲವೇ ಗಂಟೆಯಲ್ಲಿ ವಿಮಾನ ಹತ್ತಿ ದೇಶ ಬಿಟ್ಟರು. ಪಾಕಿಸ್ತಾನದ ಬ್ಲಾಗರ್ ಅಹ್ಮದ್ ವಕಾಸ್ ಗೊರಾಯಾ ನೆದರ್‌ಲ್ಯಾಂಡ್ಸ್‌ನಲ್ಲಿದ್ದರು. ಅವರನ್ನು ಕೊಲ್ಲಲು ಒಬ್ಬ ಒಂದು ಲಕ್ಷ ಪೌಂಡ್‌ಗೆ ಒಪ್ಪಿಕೊಂಡು, ಅಂಗಡಿಯಲ್ಲಿ ಚಾಕು ಕೊಂಡು, ರಾಟರ್‌ಡ್ಯಾಮಿನ ಅವರ ಮನೆ ಹತ್ತಿರ ಹೋಗಿ ಕಾದಿದ್ದ. ಅವರು ಆಗ ಆ ಮನೆಯಲ್ಲಿ ಇರಲಿಲ್ಲ, ಹಾಗಾಗಿ ಉಳಿದರು. ಸೌದಿಯ ಪತ್ರಕರ್ತ ಜಮಾಲ್ ಖಶೋಗಿ ಕಥೆ ನಿಮಗೆ ಗೊತ್ತೇ ಇದೆ. ಮದುವೆಗೆ ಬೇಕಾದ ಒಂದು ಕಾಗದಕ್ಕಾಗಿ 2018ರ ಅಕ್ಟೋಬರ್ 2ರಂದು ಇಸ್ತಾಂಬುಲ್‌ನಲ್ಲಿ ತಮ್ಮದೇ ದೇಶದ ಕಚೇರಿಯೊಳಗೆ ಹೋದವರು ಹೊರಗೆ ಬರಲೇ ಇಲ್ಲ.

ನನಗೆ ಗೊತ್ತಿರುವವರೊಬ್ಬರು ಇದೇ ಊರಿನಲ್ಲಿದ್ದಾರೆ. ಯಾವ ದೇಶದವರು ಅಂತ ಬರೆಯುವುದಿಲ್ಲ. ಅವರ ಮನೆಗೆ ಹೋದರೆ ಮೊದಲು ನನ್ನ ಫೋನು, ಅವರ ಫೋನು ಎರಡನ್ನೂ ಒಂದು ಟವೆಲ್ಲಿನಲ್ಲಿ ಸುತ್ತಿ ಅಡುಗೆಮನೆಯ ಸ್ಟೀಲಿನ ಅಕ್ಕಿ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕುತ್ತಾರೆ. ಆಮೇಲೆ ಟೀ, ಆಮೇಲೆ ಮಾತು. ಮೊದಲ ಸಲ ನನಗೆ ಇದು ಅತಿ ಅನಿಸಿತ್ತು. ರಷ್ಯಾ ಬಿಟ್ಟು ಲಾಟ್ವಿಯಾದಿಂದ ನಡೆಯುವ ಮೆಡೂಜಾ ಸುದ್ದಿತಾಣದ ಗಲೀನಾ ತಿಮ್ಚೆಂಕೊ ಅವರ ವಿಷಯ ಓದಿದ ಮೇಲೆ ಅನಿಸಲಿಲ್ಲ. 2023ರ ಫೆಬ್ರುವರಿಯಲ್ಲಿ ಬರ್ಲಿನ್‌ನಲ್ಲಿ ದೇಶ ಬಿಟ್ಟ ರಷ್ಯನ್ ಪತ್ರಕರ್ತರ ಒಂದು ಸಭೆ ಇತ್ತು, ಹೊರಗಿನವರಿಗೆ ಹೇಳದೆ ನಡೆಸಿದ ಸಭೆ. ಅದರ ಹಿಂದಿನ ದಿನವೇ ಅವರ ಐಫೋನಿಗೆ ಪೆಗಾಸಸ್ ಎಂಬ ಕದ್ದು ನೋಡುವ ತಂತ್ರಾಂಶ ಹೊಕ್ಕಿತ್ತು. ಗೊತ್ತಾಗಿದ್ದು ತಿಂಗಳುಗಳಾದ ಮೇಲೆ.

ನಮ್ಮ ಆ ಸ್ನೇಹಿತರಿಗೆ ವಾರಕ್ಕೊಂದು ಸಲ ತಾಯಿಯ ಫೋನ್ ಬರುತ್ತದೆ. "ಇಲ್ಲಿ ಚಳಿ ಜಾಸ್ತಿ" ಅಂತ ತಾಯಿ ಹೇಳಿದರೆ ಮನೆಗೆ ಯಾರೋ ಬಂದು ವಿಚಾರಿಸಿಕೊಂಡು ಹೋಗಿದ್ದಾರೆ ಅಂತ ಅರ್ಥ. ಬೇಸಿಗೆಯಲ್ಲೂ ಚಳಿ ಬರುತ್ತದೆ. ಆ ವಾರ ಅವರು ಒಂದಕ್ಷರ ಬರೆಯುವುದಿಲ್ಲ.

ಕೊರಿಯರ್ ವಿಷಯ ಮಾತ್ರ ನೇರವಾಗಿ ಕೇಳಿ. ಏನು ಬರುತ್ತದೆ, ಎಲ್ಲಿಂದ ಬರುತ್ತದೆ ಅಂತ ತಿಳಿದುಕೊಳ್ಳುವ ಹಕ್ಕು ನಿಮಗಿದೆ, ಒಪ್ಪಿಗೆಯಾಗದಿದ್ದರೆ ಬೇಡ ಅನ್ನಿ. ಮಗನಿಗೆ ಈ ಪುಟ ಓದಲು ಕೊಡಿ. ಮುಂದಿನ ಸಲ ಮನೆಯಲ್ಲಿ ಏನಾದರೂ ಕಾರ್ಯವಾದರೆ ಫೋಟೋ ತೆಗೆಯಲು ಕ್ಯಾಮೆರಾವನ್ನು ಅವರ ಕೈಗೇ ಕೊಡಿ.

ಇಂಥವರಿಗೆ ನಮ್ಮ ದೇಶದಲ್ಲಿ ಆಶ್ರಯ ಕೊಡುವ ಕಾನೂನು ಇದೆಯಾ?
— ಓದುಗರು, ವಿಜಯನಗರ

ಇಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಬೇರೆ ಕಾನೂನೂ ಇಲ್ಲ. ಟಿಬೆಟಿನವರಿಗೆ ಸರ್ಕಾರದ ನೋಂದಣಿ ಪತ್ರ ಸಿಗುತ್ತದೆ. ಅಫ್ಘಾನಿಸ್ತಾನ, ಮ್ಯಾನ್ಮಾರ್ ಕಡೆಯವರು ದೆಹಲಿಯ ವಿಶ್ವಸಂಸ್ಥೆ ಕಚೇರಿಯ ಕಾರ್ಡಿಗೆ ಅಲೆಯುತ್ತಾರೆ. ಹಾಗಿದ್ದರೂ ಇಲ್ಲಿಗೆ ಬಂದವರು ಕೆಲಸ ಮಾಡಿದ್ದಾರೆ. ಬರ್ಮಾದಿಂದ, ಅಂದರೆ ಮ್ಯಾನ್ಮಾರ್‌ನಿಂದ, ತಪ್ಪಿಸಿಕೊಂಡು ಬಂದವರು 1998ರಲ್ಲಿ ಮಿಜ್ಜಿಮಾ ಸುದ್ದಿಸಂಸ್ಥೆ ಶುರು ಮಾಡಿದ್ದು ದೆಹಲಿಯಲ್ಲೇ. ಬರ್ಮಾದಲ್ಲಿ ಪರಿಸ್ಥಿತಿ ಸುಧಾರಿಸಿದಾಗ ವಾಪಸ್ ಹೋದರು. 2021ರ ಫೆಬ್ರುವರಿಯಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು, ಮಾರ್ಚ್‌ನಲ್ಲಿ ಅವರ ಪರವಾನಗಿ ರದ್ದಾಯಿತು. ಮತ್ತೆ ಗಂಟುಮೂಟೆ ಕಟ್ಟಿದರು.

ಹೊರಗೆ ಕೂತು ಒಳಗಿನ ಸುದ್ದಿ ಬರೆದರೆ ನಂಬುವುದು ಹೇಗೆ? ಅವರಿಗೂ ಒಂದು ಪಕ್ಷ ಇರುತ್ತದಲ್ಲ. ನಮ್ಮ ಕ್ಲಾಸಿನಲ್ಲಿ ಇದೇ ಚರ್ಚೆ ಆಯಿತು.
— ಪತ್ರಿಕೋದ್ಯಮ ವಿದ್ಯಾರ್ಥಿ, ಜೆ.ಪಿ. ನಗರ

ತಮ್ಮಾ, ಒಳ್ಳೆ ಪ್ರಶ್ನೆ. ದೂರ ಇದ್ದರೆ ತಪ್ಪು ಆಗುತ್ತದೆ, ನಿಜ. ಹತ್ತು ವರ್ಷದ ಹಿಂದೆ ಬಿಟ್ಟ ಬೀದಿ ಈಗ ಹಾಗೇ ಇರುವುದಿಲ್ಲ. ಕೋಪವೂ ಇರುತ್ತದೆ. ಅದಕ್ಕೇ ಒಳ್ಳೆಯ ಸಂಸ್ಥೆಗಳು ಊರೊಳಗೆ ಇನ್ನೂ ಇರುವ, ಹೆಸರು ಹೇಳಲಾಗದ ವರದಿಗಾರರನ್ನು ಇಟ್ಟುಕೊಂಡಿರುತ್ತವೆ. ಒಂದು ವಿಡಿಯೊ ಬಂದರೆ ಅದರಲ್ಲಿನ ಕಟ್ಟಡ, ನೆರಳು, ಅಂಗಡಿ ಬೋರ್ಡು ನೋಡಿ ಎಲ್ಲಿಯದು, ಯಾವಾಗಿನದು ಅಂತ ತಾಳೆ ಹಾಕುತ್ತವೆ. ದುಡ್ಡು ಎಲ್ಲಿಂದ ಬರುತ್ತದೆ ಅಂತ ನೀನು ಕೇಳಲೇಬೇಕು. ಎಷ್ಟೋ ಸಂಸ್ಥೆಗಳು ಅಮೆರಿಕದ ನೆರವಿನ ಹಣದಲ್ಲಿ ನಡೆಯುತ್ತಿದ್ದವು. 2025ರ ಜನವರಿಯಲ್ಲಿ ಆ ನೆರವು ನಿಂತಾಗ ಒಂದೇ ಏಟಿಗೆ ಸಂಬಳ ನಿಂತಿತು. ತಮ್ಮ ದೇಶದ ಸರ್ಕಾರಕ್ಕೆ ಹೆದರಿ ಓಡಿಬಂದವರು ಇನ್ನೊಂದು ಸರ್ಕಾರದ ಬಜೆಟ್ಟಿಗೆ ಕಾಯುವ ಸ್ಥಿತಿ.

ಆದರೆ ಒಂದು ವಿಷಯ ನಿಮ್ಮ ಕ್ಲಾಸಿನಲ್ಲಿ ಹೇಳು. ನಮ್ಮಲ್ಲೂ ಇಂಥವರಿದ್ದರು. ತಮಿಳು ಕವಿ, ಪತ್ರಕರ್ತ ಸುಬ್ರಹ್ಮಣ್ಯ ಭಾರತಿ 1908ರಲ್ಲಿ ಮದ್ರಾಸಿನಿಂದ ತಪ್ಪಿಸಿಕೊಂಡು ಪುದುಚೇರಿಗೆ ಹೋದರು, ಅದು ಆಗ ಫ್ರೆಂಚರ ಊರು. ಅಲ್ಲಿಂದಲೇ 'ಇಂಡಿಯಾ' ವಾರಪತ್ರಿಕೆ ಮತ್ತೆ ತಂದರು. ಬ್ರಿಟಿಷರು ಪುದುಚೇರಿಯೊಳಗೆ ಹೋಗಿ ಅಚ್ಚಿನ ಮನೆಗೆ ಬೀಗ ಹಾಕುವ ಹಾಗಿರಲಿಲ್ಲ. ಅದಕ್ಕೆ ಪತ್ರಿಕೆ ತಮ್ಮ ಸೀಮೆಯೊಳಗೆ ಬರದ ಹಾಗೆ ತಡೆದರು. ಬಾಗಿಲಲ್ಲಿ ಗೂಢಚಾರರು, ಟಪಾಲಿನ ಮೇಲೆ ಕಣ್ಣು. ಓದುಗರನ್ನು ಮುಟ್ಟದ ಪತ್ರಿಕೆ ಎಷ್ಟು ದಿನ ಉಳಿಯುತ್ತದೆ? 1910ಕ್ಕೆ ನಿಂತುಹೋಯಿತು. ಹತ್ತು ವರ್ಷ ಕಳೆದು, 1918ರಲ್ಲಿ ಭಾರತಿ ಪುದುಚೇರಿಯಿಂದ ಹೊರಗೆ ಕಾಲಿಟ್ಟರು, ಕಡಲೂರಿನ ಹತ್ತಿರವೇ ಹಿಡಿದು ಜೈಲಿಗೆ ಹಾಕಿದರು. ಈಗ ವೆಬ್‌ಸೈಟ್ ಬ್ಲಾಕ್ ಮಾಡುವುದು ಅಂದರೆ ಅದೇ ಹಳೇ ಕೆಲಸ. ಅವತ್ತು ಭಾರತಿಯವರನ್ನೂ "ಹೊರಗೆ ಕೂತು ಬರೆಯುವವನು" ಅಂತ ತಳ್ಳಿಹಾಕಬಹುದಿತ್ತು.

ನಾನು ಬೈಲಕುಪ್ಪೆಯವಳು, ಬೆಂಗಳೂರಿನಲ್ಲಿ ಓದುತ್ತಿದ್ದೇನೆ. ಅಜ್ಜ ದಿನಾ ಟಿಬೆಟನ್ ರೇಡಿಯೊ ಹಾಕುತ್ತಿದ್ದರು. ಅದು ನಿಂತಾಗ ಮನೆಯಲ್ಲಿ ಯಾರೋ ಹೋದ ಹಾಗೆ ಸುಮ್ಮನಾದರು. ನಮ್ಮ ಸುದ್ದಿ ಇನ್ನು ಯಾರು ಹೇಳುತ್ತಾರೆ?
— ವಿದ್ಯಾರ್ಥಿನಿ

ತಂಗಿ, ನಿನ್ನ ಪತ್ರ ಕನ್ನಡದಲ್ಲಿದೆ, ಅದೂ ಕೈಬರಹದಲ್ಲಿ. ಎರಡು ಸಲ ಓದಿದೆ.

ಅಜ್ಜ ಕೇಳುತ್ತಿದ್ದ ರೇಡಿಯೊ ಫ್ರೀ ಏಷ್ಯಾಕ್ಕೆ ಅಮೆರಿಕ ಸರ್ಕಾರದ ಹಣ ಬರುತ್ತಿತ್ತು. 2025ರ ಮಾರ್ಚ್‌ನಿಂದ ಅದಕ್ಕೆ ಕತ್ತರಿ ಬಿತ್ತು, ಅಕ್ಟೋಬರ್ ಕೊನೆಗೆ ಸುದ್ದಿ ಕೆಲಸವನ್ನೇ ನಿಲ್ಲಿಸಿದರು. ಬೆಲೆ ಕೊಟ್ಟು ಕಟ್ಟಿದ ಸಂಸ್ಥೆ ಅದು. ಅದೇ ರೇಡಿಯೊದಲ್ಲಿ ಚೀನಾದ ಉಯ್ಘರ್ ಮುಸ್ಲಿಮರ ಭಾಷೆಯ ವಿಭಾಗದ ಗುಲ್ಚೆಹ್ರಾ ಹೋಜಾ ವಾಷಿಂಗ್ಟನ್‌ನಿಂದ ಸುದ್ದಿ ಓದಿದ್ದಕ್ಕೆ 2018ರಲ್ಲಿ ಚೀನಾದಲ್ಲಿ ಅವರ ಬಂಧುಗಳಲ್ಲಿ 20ಕ್ಕೂ ಹೆಚ್ಚು ಜನರನ್ನು ಹಿಡಿದುಕೊಂಡು ಹೋದರು, ಅಪ್ಪ ಅಮ್ಮನನ್ನೂ ಬಿಡಲಿಲ್ಲ. ಅಷ್ಟಾದರೂ ಅವರು ಮೈಕ್ ಬಿಡಲಿಲ್ಲ. ಅಂಥವರ ಕೆಲಸ ಒಂದು ಬಜೆಟ್ ಸಾಲಿನಿಂದ ನಿಂತಿದ್ದು ನನಗೆ ಬಹಳ ನೋವಿನ ವಿಷಯ.

ಯಾರು ಹೇಳುತ್ತಾರೆ ಅಂತ ಕೇಳಿದ್ದೀಯ. 1925ರಲ್ಲಿ ಕಾಲಿಂಪಾಂಗ್‌ನಲ್ಲಿ ತರ್ಚಿನ್ ಎಂಬವರು 'ಮೆಲೊಂಗ್' ಅಂತ ಟಿಬೆಟನ್ ಪತ್ರಿಕೆ ಶುರು ಮಾಡಿದರು. ಮೆಲೊಂಗ್ ಅಂದರೆ ಕನ್ನಡಿ, ನಿನಗೆ ಗೊತ್ತೇ ಇರುತ್ತದೆ. ಚಿಕ್ಕ ಪತ್ರಿಕೆ, ದೊಡ್ಡ ಹಣ ಇರಲಿಲ್ಲ. ಆದರೂ 1963ರವರೆಗೆ ನಡೆಸಿದರು. ಬೈಲಕುಪ್ಪೆಗೆ ನಿಮ್ಮ ಹಿರಿಯರು ಬಂದು ಕಾಡು ಕಡಿದು ಜೋಳ ಹಾಕಿದಾಗಿನ ಕಥೆ ಅಜ್ಜನ ಹತ್ತಿರ ಇದೆಯಲ್ಲ, ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೋ. ಅವರ ಮಾತಿನಲ್ಲೇ, ಪೂರ್ತಿಯಾಗಿ. ಆಮೇಲೆ ಕನ್ನಡಕ್ಕೆ ತಂದು ಕಳಿಸು, ಈ ಪತ್ರಿಕೆಯಲ್ಲಿ ಹಾಕುವ ಜವಾಬ್ದಾರಿ ನನ್ನದು. ಊರಿನಲ್ಲಿ, ಅಂದರೆ ಆ ಕಡೆ ಟಿಬೆಟ್‌ನಲ್ಲಿ ಇನ್ನೂ ಯಾರಾದರೂ ನೆಂಟರಿದ್ದರೆ ಅವರ ಹೆಸರು, ಹಳ್ಳಿ ಎರಡನ್ನೂ ಮೊದಲೇ ತೆಗೆದುಬಿಡು.

ಹೊರದೇಶದಲ್ಲಿರುವ ನಮ್ಮ ಜನರೇ ತಮ್ಮ ಭಾಷೆಯ ಪತ್ರಕರ್ತರ ಮೇಲೆ ಮುಗಿಬೀಳುತ್ತಾರೆ ಅಂತ ಬರೆದಿದ್ದಿರಿ. ಇದು ಅನ್ಯಾಯದ ಮಾತು. ಹೊರಗಿದ್ದವರಿಗೇ ಊರಿನ ಮೇಲೆ ಪ್ರೀತಿ ಜಾಸ್ತಿ.
— ನಿವೃತ್ತ ಅಧ್ಯಾಪಕರು, ಜಯನಗರ

ಮೇಷ್ಟ್ರೇ, ಪ್ರೀತಿ ಜಾಸ್ತಿ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆ ಪ್ರೀತಿಯೇ ಕೆಲವು ಸಲ ಕೈಗೆ ದೊಣ್ಣೆ ಕೊಡುತ್ತದೆ. ಕೆನಡಾದ ತಾರಾ ಸಿಂಗ್ ಹೇಯರ್ ಪಂಜಾಬಿಯಲ್ಲಿ 'ಇಂಡೋ-ಕೆನಡಿಯನ್ ಟೈಮ್ಸ್' ನಡೆಸುತ್ತಿದ್ದರು. ಸಿಖ್ ಉಗ್ರರ ವಿರುದ್ಧ ಬರೆದರು. 1985ರಲ್ಲಿ 329 ಜನ ಸತ್ತ ಕನಿಷ್ಕ ವಿಮಾನ ಸ್ಫೋಟದ ಬಗ್ಗೆ ತಮಗೆ ಗೊತ್ತಿದ್ದನ್ನು ಪೊಲೀಸರಿಗೆ ಹೇಳಿದರು. 1988ರಲ್ಲಿ ಕಚೇರಿಯೊಳಗೇ ಗುಂಡು ಹೊಡೆದರು, ಸೊಂಟದ ಕೆಳಗೆ ಸ್ವಾಧೀನ ಹೋಯಿತು. ವೀಲ್‌ಚೇರಿನಲ್ಲಿ ಕೂತೇ ಇನ್ನೂ ಹತ್ತು ವರ್ಷ ಪತ್ರಿಕೆ ತಂದರು. 1998ರ ನವೆಂಬರ್ 18ರಂದು ತಮ್ಮ ಮನೆಯ ಗ್ಯಾರೇಜಿನಲ್ಲಿ, ಕಾರಿನಿಂದ ವೀಲ್‌ಚೇರಿಗೆ ಇಳಿಯುವಾಗ ಕೊಂದರು.

ಶ್ರೀಲಂಕಾದ ತಮಿಳು ಪತ್ರಕರ್ತ ಡಿ.ಬಿ.ಎಸ್. ಜೆಯರಾಜ್ ಅವರನ್ನು 1993ರಲ್ಲಿ ಟೊರಾಂಟೊದಲ್ಲಿ ಬೇಸ್‌ಬಾಲ್ ಬ್ಯಾಟಿನಿಂದ ಕಾಲು ಮುರಿಯುವ ಹಾಗೆ ಬಡಿದರು. ತಮಿಳು ಹುಲಿಗಳನ್ನು (ಎಲ್‌ಟಿಟಿಇ) ಟೀಕಿಸುತ್ತಿದ್ದದ್ದೇ ತಪ್ಪು. ಆಮೇಲೆ ಅವರು ನಡೆಸುತ್ತಿದ್ದ ವಾರಪತ್ರಿಕೆಯನ್ನು ಇಟ್ಟುಕೊಳ್ಳಬೇಡಿ ಅಂತ ತಮಿಳು ಅಂಗಡಿಗಳಿಗೆ ಬೆದರಿಕೆ ಹೋಯಿತು, ಜಾಹೀರಾತು ಕೊಡುವವರಿಗೂ ಹೋಯಿತು. ಪತ್ರಿಕೆ ಮುಚ್ಚಿತು. ಇದು ಹೇಗೆ ನಡೆಯುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಪರದೇಶದಲ್ಲಿ ಒಂದು ಭಾಷೆಯ ಪತ್ರಿಕೆ ನಿಂತಿರುವುದು ನಾಲ್ಕು ದಿನಸಿ ಅಂಗಡಿ, ಎರಡು ಹೋಟೆಲ್, ಒಬ್ಬ ವಕೀಲ, ಒಂದು ಚಿನ್ನದಂಗಡಿ ಕೊಡುವ ಜಾಹೀರಾತಿನ ಮೇಲೆ. ಅವರೆಲ್ಲ ಒಂದೇ ಹಬ್ಬಕ್ಕೆ ಸೇರುವವರು. ಒಬ್ಬ ಮುಖಂಡ ಊಟದ ಸಾಲಿನಲ್ಲಿ ನಿಂತು "ಅವನ ಪೇಪರ್ ಯಾಕೆ ಇಟ್ಟಿದ್ದೀಯ" ಅಂದರೆ ಸಾಕು. ಚಿಕ್ಕ ಸಮುದಾಯದಲ್ಲಿ ಎಲ್ಲರಿಗೂ ಎಲ್ಲರ ಮನೆ ಗೊತ್ತು. ಅದೇ ಹೆಚ್ಚು ಕಷ್ಟ.

ನಮ್ಮ ಕನ್ನಡದವರಲ್ಲಿ ಇಷ್ಟು ದೂರ ಹೋಗಿಲ್ಲ, ಹೋಗುವುದೂ ಬೇಡ. ಆದರೆ ಹೊರದೇಶದ ವಾಟ್ಸಾಪ್ ಗುಂಪಿನಲ್ಲಿ ಊರಿನ ವಿಷಯಕ್ಕೆ ಒಂದು ಎದುರು ಮಾತು ಹಾಕಿದವರನ್ನು ಎಷ್ಟು ಬೇಗ ಹೊರಗೆ ಹಾಕುತ್ತಾರೆ ಅಂತ ನಿಮ್ಮ ನೆಂಟರನ್ನೇ ಕೇಳಿ ನೋಡಿ.

ಮಗಳು ಅಮೆರಿಕದಲ್ಲಿ ಪತ್ರಕರ್ತೆ. ಅಲ್ಲಿನ ಪೌರತ್ವ, ವೀಸಾ ಇಲ್ಲದೆ ಇಲ್ಲಿಗೆ ಬಂದುಹೋಗಲು ಒಸಿಐ ಕಾರ್ಡ್ ಇದೆ. ಡಿಸೆಂಬರ್‌ನಲ್ಲಿ ರಜೆಗೆ ಬಂದಾಗ ಬೆಂಗಳೂರಿನ ಕೆರೆಗಳ ಬಗ್ಗೆ ವರದಿ ಮಾಡ್ತೀನಿ ಅಂತಿದ್ದಾಳೆ. ತೊಂದರೆ ಆಗಲ್ವಾ? ಅವರಪ್ಪನಿಗೆ ಹುಷಾರಿಲ್ಲ, ಅವಳು ಬಂದುಹೋಗುವುದೊಂದೇ ನಮಗೆ ಮುಖ್ಯ.
— ಗೃಹಿಣಿ, ಮಲ್ಲೇಶ್ವರ

ಅಮ್ಮಾ, ಬಂದು ಅಪ್ಪನ ಜೊತೆ ಇರಲು ಯಾವ ಅನುಮತಿಯೂ ಬೇಡ. ವರದಿಗಾರಿಕೆಗೆ ಬೇಕು. 2021ರ ಮಾರ್ಚ್‌ನಲ್ಲಿ ಬಂದ ಆದೇಶದ ಪ್ರಕಾರ ಒಸಿಐ ಇರುವವರು ಇಲ್ಲಿ ಪತ್ರಕರ್ತರ ಕೆಲಸ ಮಾಡಬೇಕಾದರೆ ಮೊದಲೇ ವಿಶೇಷ ಅನುಮತಿ ತೆಗೆದುಕೊಳ್ಳಬೇಕು. ಅಲ್ಲಿನ ಭಾರತದ ಕಾನ್ಸುಲೇಟ್‌ನಲ್ಲಿ ಕೇಳಬಹುದು, ಇಲ್ಲಿನ ವಿದೇಶಿಯರ ನೋಂದಣಿ ಕಚೇರಿಯಲ್ಲೂ ಕೇಳಬಹುದು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ ಸ್ಯಾಂಕಿ ಕೆರೆ ಬಗ್ಗೆ ಬರೆಯಲು ಅನುಮತಿ ಕೇಳಬೇಕಾದ್ದು ನನಗೆ ಸರಿ ಕಾಣುವುದಿಲ್ಲ. ಆದರೆ ನಿಯಮ ಇದೆ, ಮೀರಿದರೆ ಕಾರ್ಡಿಗೇ ಕುತ್ತು ಬರಬಹುದು.

ಅರ್ಜಿ ಈಗಲೇ ಹಾಕಲಿ. ಡಿಸೆಂಬರ್‌ವರೆಗೆ ಅನುಮತಿ ಬರದಿದ್ದರೆ ಕ್ಯಾಮೆರಾ, ಮೈಕ್ ಅಲ್ಲೇ ಬಿಟ್ಟು ಬರಲಿ. ಕೆರೆ ಸುತ್ತ ಅಪ್ಪನ ಜೊತೆ ನಿಧಾನವಾಗಿ ನಡೆಯಲಿ.